ಮುಂದಿನ ವಾರ ಪಾಪು ಮನೆಗೆ ಬರ್ತಾಳೆ. 30 ವಾರಕ್ಕೇ ಹುಟ್ಟಿದ್ದು. ಏನೇನು ಸಿದ್ಧ ಮಾಡ್ಕೊಬೇಕು?

ವೇದಾವತಿ_ತೀರ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತು ಬರೀತಿದೀನಿ.

ಬಿಪಿ ವಿಪರೀತ ಏರಿ 30 ವಾರಕ್ಕೇ ಸಿಸೇರಿಯನ್ ಮಾಡಿ ಮಗೂನ ತೆಗೆದ್ರು. ಮಗಳು, 1240 ಗ್ರಾಂ. ಮೊದಲು ಸಿಪ್ಯಾಪ್ (ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡೋ ಮೆಷಿನ್ನು), ಆಮೇಲೆ ಬರೀ ಆಕ್ಸಿಜನ್. ಇವತ್ತಿಗೆ 26ನೇ ದಿನ. ಈಗ ಉಸಿರು ತಾನೇ ಎಳ್ಕೊಳ್ತಾಳೆ, 1520 ಗ್ರಾಂ ಆಗಿದಾಳೆ, ಎರಡು ಗಂಟೆಗೊಮ್ಮೆ ಒಳಲೇಲಿ 22 ಎಂಎಲ್ ಹಾಲು ಕುಡೀತಾಳೆ. 1600 ದಾಟಿ, ತೂಕ ಹೀಗೇ ಏರ್ತಾ ಇದ್ರೆ ಕಳಿಸ್ತೀವಿ ಅಂದಿದಾರೆ ಡಾಕ್ಟ್ರು.

ಖುಷಿ ಆಗ್ಬೇಕಿತ್ತು. ಹೊಟ್ಟೇಲಿ ಕಲಸಿದ ಹಾಗಾಗ್ತಿದೆ.

ನಮ್ಮದು ಹೊಸದುರ್ಗದ ಹತ್ರ ಹಳ್ಳಿ, ಹೆಂಚಿನ ಮನೆ, ರಾತ್ರಿ ಕರೆಂಟು ನೆಚ್ಚೋ ಹಾಗಿಲ್ಲ. ಅತ್ತೆ ಆಗ್ಲೇ ನೀರು ಎರೆಯೋ ಅಜ್ಜಿಗೆ ಹೇಳಿಟ್ಟಿದಾರೆ. ಸಾಂಬ್ರಾಣಿ, ಇದ್ದಿಲು, ಹರಳೆಣ್ಣೆ, ಬಜೆ ಬೇರು ಎಲ್ಲಾ ಬಂದಾಗಿದೆ. ನಾಮಕರಣ ನಿಂತುಹೋಗಿರೋದ್ರಿಂದ ಮಗು ನೋಡೋಕೆ ನೆಂಟರು ಕಾಯ್ತಾ ಕೂತಿದಾರೆ. ನಾನು ಈ ಕಡೆ ಫೋನಲ್ಲಿ ಉಸಿರು ನೋಡೋ ಮೆಷಿನ್ನು, ಸ್ಟೆರಿಲೈಸರ್ರು, ತೂಕದ ಮೆಷಿನ್ನು ಅಂತ ನೋಡಿ ನೋಡಿ, ಸೇರಿಸಿದ್ರೆ 19 ಸಾವಿರ ಆಯ್ತು. ಇದೆಲ್ಲಾ ಬೇಕಾ? ಯಾವುದು ನಿಜವಾಗ್ಲೂ ಬೇಕು?

ಧಾರವಾಡದಾಕಿ

ತಂಗೀ, ಮೊದಲ ಆ 19 ಸಾವಿರ ಹಂಗ ಇಟ್ಕೋ. ನನ್ನ ಮಗಾ 31 ವಾರಕ್ಕ ಹುಟ್ಟಿದಾಂವ, ಈಗ ಸಾಲಿಗೆ ಹೋಗೂಮುಂದ ಚಪ್ಪಲ್ ಎರಡೂ ಬ್ಯಾರೆ ಬ್ಯಾರೆ ಹಾಕ್ಕೊಂಡು ಹೋಗ್ತಾನ. ನಾ ತಂದ ಸಾಮಾನಿನಾಗ ದಿನಾ ಬಳಸಿದ್ದು ನಾಕ: ಡಿಜಿಟಲ್ ಥರ್ಮಾಮೀಟರ್, ಎರಡು ಒಳಲೆ, ಮೆತ್ತನ್ನ ಹತ್ತಿ ಕುಲಾವಿ ಆರು, ಹಳೇ ಪಂಚೆ ಹರಿದು ಮಾಡಿದ ಬಟ್ಟಿ ಒಂದ್ ರಾಶಿ. ಒಳಲೆ ಕುದಿಯೋ ನೀರಾಗ ಹಾಕಿದ್ರ ಆತು. ಅದಕ್ಕೇನು ಮಷಿನ್ನು?

ತೂಕದ ಮಷಿನ್ ಮಾತ್ರ ತರಲೇಬ್ಯಾಡ. ನಾ ತಂದಿದ್ದೆ. ದಿನಕ್ಕ ಐದ್ ಸಲ ತೂಗಿ, 20 ಗ್ರಾಂ ಕಡಿಮಿ ಬಂದ್ರ ಅಳಕೋತ ಕೂಡ್ತಿದ್ದೆ. ಕೂಸು ಆಗಷ್ಟ ಉಚ್ಚಿ ಹೊಯ್ದಿರ್ತಿತ್ತು, ಅಷ್ಟ.

ರಾತ್ರಿಪಾಳಿ_ಸಿಸ್ಟರ್

ನಾನು ಎಸ್‌ಎನ್‌ಸಿಯುನಲ್ಲಿ, ಅಂದ್ರೆ ಕಾಯಿಲೆ ಬಿದ್ದ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ, ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ಉಳಿದದ್ದು ಆಮೇಲೆ ಬರೀತೀನಿ. ಮೊದಲು ಒಂದು ಪ್ರಶ್ನೆ: ಕಣ್ಣಿನ ಪರೀಕ್ಷೆ ಆಯ್ತಾ? ಆರ್‌ಒಪಿ, ಅಂದ್ರೆ ಬೇಗ ಹುಟ್ಟಿದ ಮಕ್ಕಳಿಗೆ ಬರೋ ರೆಟಿನಾ ತೊಂದರೆ, ಅಂತ ಯಾರಾದ್ರೂ ಹೇಳಿದ್ರಾ?

ವೇದಾವತಿ_ತೀರ

ಇಲ್ಲ ಸಿಸ್ಟರ್. ಮಗು ಕಣ್ಣು ಬಿಟ್ಟು ಚೆನ್ನಾಗೇ ನೋಡ್ತಾಳಲ್ಲ?

ರಾತ್ರಿಪಾಳಿ_ಸಿಸ್ಟರ್

ಹೊರಗಿಂದ ನೋಡಿದ್ರೆ ಇದು ಗೊತ್ತಾಗೋದೇ ಇಲ್ಲ, ಅದೇ ಕಷ್ಟ. ಕಣ್ಣಿನ ಹಿಂದಿರೋ ರೆಟಿನಾ ಪೊರೆಗೆ ರಕ್ತನಾಳಗಳು ನಡುವಿಂದ ಅಂಚಿನ ಕಡೆ ಬೆಳೀತಾ ಹೋಗ್ತವೆ. ಅಂಚು ಮುಟ್ಟೋಕೆ ಹೆಚ್ಚುಕಮ್ಮಿ ಒಂಬತ್ತು ತಿಂಗಳೂ ಬೇಕು. ಬೇಗ ಹುಟ್ಟಿದ ಮಗೂಲಿ ಅದು ಅರ್ಧದಾರೀಲಿ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆಯೋಕೆ ಶುರುವಾಗ್ಬಹುದು. ಆಕ್ಸಿಜನ್ ಮೇಲಿದ್ದ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಮಿತಿ ಮೀರಿದ್ರೆ ರೆಟಿನಾನೇ ಎಳ್ಕೊಂಡು ಕಿತ್ತು ಬರುತ್ತೆ, ದೃಷ್ಟಿ ಹೋಗುತ್ತೆ. ಸರಿಯಾದ ಹೊತ್ತಿಗೆ ಲೇಸರ್ ಮಾಡಿದ್ರೆ ಬಹುಪಾಲು ಮಕ್ಕಳ ಕಣ್ಣು ಉಳಿಯುತ್ತೆ.

ನಮ್ಮ ದೇಶದ ನಿಯಮದ ಪ್ರಕಾರ 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ 2 ಕೆಜಿಗಿಂತ ಕಡಿಮೆ ತೂಕದ ಎಲ್ಲಾ ಮಕ್ಕಳಿಗೂ ಹುಟ್ಟಿ 30 ದಿನ ತುಂಬೋದ್ರೊಳಗೆ ಮೊದಲ ಪರೀಕ್ಷೆ ಆಗ್ಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ರೆ ಎರಡು ಮೂರು ವಾರಕ್ಕೇ. ನಿಮ್ಮದು 26ನೇ ದಿನ. ಡಿಸ್ಚಾರ್ಜ್ ಗಡಿಬಿಡೀಲೇ ಇದು ತಪ್ಪಿಹೋಗೋದು. ನಾಳೆ ರೌಂಡ್ಸ್‌ಗೆ ಬಂದಾಗ ನೀವೇ ಬಾಯಿಬಿಟ್ಟು ಕೇಳಿ. ಬೆಂಗಳೂರಿನ ನಾರಾಯಣ ನೇತ್ರಾಲಯದವರ ಕಿಡ್‌ರಾಪ್ ಕಾರ್ಯಕ್ರಮ 2008ರಿಂದ ನಡೀತಿದೆ. ಅವರ ತಂತ್ರಜ್ಞರು ಕ್ಯಾಮೆರಾ ತಗೊಂಡು ಜಿಲ್ಲೆ ಜಿಲ್ಲೆಗೆ ಬರ್ತಾರೆ, ಚಿತ್ರ ನೋಡಿ ಡಾಕ್ಟ್ರು ಅಲ್ಲಿಂದಲೇ ಹೇಳ್ತಾರೆ. ನಿಮ್ಮ ಆಸ್ಪತ್ರೆಗೆ ಬರ್ತಾರಾ, ಇಲ್ಲ ನೀವೇ ಎಲ್ಲಿಗಾದ್ರೂ ಹೋಗ್ಬೇಕಾ, ಕೇಳ್ಕೊಳ್ಳಿ.

ಅವಳಿ_ಅಪ್ಪ_ತುಮಕೂರು

ಸಿಸ್ಟರ್ ಹೇಳಿದ್ದಕ್ಕೆ ನೂರು ಸಲ ಹೂಂ. ನಮ್ಮ ಅವಳಿಗಳಲ್ಲಿ ಒಬ್ಬನಿಗೆ ಲೇಸರ್ ಆಯ್ತು. ಅಲ್ಲಿ ಪಕ್ಕದಲ್ಲಿ ಕೂತಿದ್ದವರ ಮಗು ಐದು ತಿಂಗಳಿಗೆ ಬಂದಿತ್ತು, 'ದೀಪ ತೋರಿಸಿದ್ರೆ ತಿರುಗಲ್ಲ' ಅಂತ. ಆಗ ಮಾಡೋಕೆ ಏನೂ ಉಳಿದಿರಲಿಲ್ಲ. ಅವರಿಗೆ ಯಾರೂ ಹೇಳೇ ಇರಲಿಲ್ಲವಂತೆ.

ಪರೀಕ್ಷೆ ಮಾಡೋವಾಗ ರೆಪ್ಪೆ ತೆರೆದಿಡೋಕೆ ಒಂದು ತಂತಿ ಹಾಕ್ತಾರೆ, ಮಗು ಕಿರುಚುತ್ತೆ. ಹೆದರಬೇಡಿ, ಸ್ವಲ್ಪ ಹೊತ್ತಿನ ಕೆಲಸ. ನಾನಂತೂ ಹೊರಗೆ ಹೋಗ್ಬಿಟ್ಟಿದ್ದೆ.

ಮೂರು_ಮೊಮ್ಮಕ್ಕಳ_ಅಜ್ಜಿ

ನೀವೆಲ್ಲಾ ಆಸ್ಪತ್ರೆ ಮಾತೇ ಆಡ್ತೀರಿ. ಎರೆದು, ಎಣ್ಣೆ ತಿಕ್ಕಿ, ಧೂಪ ಹಾಕಿ ಬೆಳೆಸಿದ ಮಕ್ಕಳೇ ನಾವೆಲ್ಲಾ. ಏಳು ತಿಂಗಳಿಗೆ ಹುಟ್ಟಿದ ನಮ್ಮ ತಮ್ಮನ್ನ ನಮ್ಮಮ್ಮ ಹತ್ತೀಲಿ ಸುತ್ತಿ ಮೊರದಲ್ಲಿ ಮಲಗಿಸಿ ಉಳಿಸಿಕೊಂಡ್ಲು. ಎಂಟಕ್ಕೆ ಹುಟ್ಟಿದ್ರೆ ಕಷ್ಟ, ಏಳು ಗಟ್ಟಿ. ಆ ಅತ್ತೆ ಕೇಡಿಗೆ ತಂದಿಟ್ಟಿರ್ತಾರಾ ಇದನ್ನೆಲ್ಲಾ?

ರಾತ್ರಿಪಾಳಿ_ಸಿಸ್ಟರ್

ಅಜ್ಜಿ, ನಿಮ್ಮಮ್ಮ ದೊಡ್ಡ ಕೆಲಸ ಮಾಡಿದಾರೆ. ಹತ್ತೀಲಿ ಸುತ್ತಿ ಮೈ ಬೆಚ್ಚಗಿಟ್ಟಿದಾರಲ್ಲ, ನಾವು ಲಕ್ಷಗಟ್ಟಲೆ ರೂಪಾಯಿ ವಾರ್ಮರ್ ಇಟ್ಕೊಂಡು ಮಾಡೋದೂ ಅದನ್ನೇ. ಆದ್ರೆ ಏಳು ಗಟ್ಟಿ, ಎಂಟು ಕಷ್ಟ ಅನ್ನೋದನ್ನ ಒಪ್ಪಲಾರೆ. ಹೊಟ್ಟೇಲಿ ಇದ್ದಷ್ಟು ವಾರ ಶ್ವಾಸಕೋಶ ಬಲೀತಾ ಹೋಗುತ್ತೆ. ಎಂಟಕ್ಕೆ ಹುಟ್ಟಿದ ಮಕ್ಕಳು ನಮ್ಮಲ್ಲಿ ಬೇಗ ಮನೆಗೆ ಹೋಗ್ತಾರೆ, ಏಳರವರು ತಿಂಗಳುಗಟ್ಟಲೆ ಇರ್ತಾರೆ.

ಎರೆಯೋ ವಿಷಯ. 1600 ಗ್ರಾಂ ಮಗೂಗೆ ಚರ್ಮದ ಕೆಳಗೆ ಕೊಬ್ಬೇ ಇರಲ್ಲ, ನೀರು ಬಿದ್ದ ಎರಡು ನಿಮಿಷಕ್ಕೆ ತಣ್ಣಗಾಗುತ್ತೆ. ಬೆಚ್ಚಗಿರೋಕೆ ಮೈ ಶಕ್ತಿಯೆಲ್ಲಾ ಖರ್ಚು ಮಾಡಿದ್ರೆ ತೂಕ ಏರಲ್ಲ. ನಾವು 2 ಕೆಜಿ ದಾಟೋವರೆಗೂ ತಲೆಗೆ ನೀರು ಬೇಡ, ಬೆಚ್ಚನೆ ಬಟ್ಟೇಲಿ ಒಂದೊಂದೇ ಕಡೆ ಒರೆಸಿ ಸಾಕು ಅಂತೀವಿ. ನಿಮ್ಮ ಡಾಕ್ಟ್ರನ್ನೂ ಕೇಳಿ. ಕೊಬ್ಬರಿ ಎಣ್ಣೆ ಹಗುರವಾಗಿ ಸವರೋದಕ್ಕೆ ನನ್ನ ತಕರಾರಿಲ್ಲ. ತಿಕ್ಕೋದು, ಕಾಲು ಹಿಡಿದು ನೀವೋದು, ಮೂಗಿಗೆ ಊದೋದು, ಕಿವಿಗೆ ಮೂಗಿಗೆ ಎಣ್ಣೆ ಬಿಡೋದು ಬೇಡವೇ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಿ ವಾಪಸ್ ಬಂದ ಮಕ್ಕಳನ್ನ ನೋಡಿದೀನಿ.

ಸಾಂಬ್ರಾಣಿ, ಇದ್ದಿಲು, ಊದುಬತ್ತಿ, ಸೌದೆ ಒಲೆ ಹೊಗೆ, ಬೀಡಿ ಎಲ್ಲಾ ಒಂದೇ ಪಟ್ಟಿ. ಮಗು ಇರೋ ಕೋಣೆ ಹತ್ರಾನೂ ಬರಬಾರದು. ಬಜೆ, ಜೇನು, ಗ್ರೈಪ್ ವಾಟರ್ ಬಾಯಿಗೆ ಹಾಕಬೇಡಿ. ಕಾಡಿಗೆ ಇಡಲೇಬೇಕು ಅಂದ್ರೆ ಅಂಗಾಲಿಗೆ ಒಂದು ಬೊಟ್ಟು ಇಡಿ, ದೃಷ್ಟಿಗೂ ಆಯ್ತು.

ಮೂರು_ಮೊಮ್ಮಕ್ಕಳ_ಅಜ್ಜಿ

ಅಂಗಾಲಿಗೆ ಇಡೋದು ನಮ್ಮಲ್ಲೂ ಇದೆ. ಸರಿ ಬಿಡವ್ವ.

ಕೊಪ್ಪಳ_ಆಶಾ

ನಾ ಆಶಾ ಕಾರ್ಯಕರ್ತಿ ಇದೀನ್ರಿ. ನಮ್ಮ ಜಿಲ್ಲಾದಾಗ ಸರ್ಕಾರಿ ಆಸ್ಪತ್ರಿ ಮತ್ತ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವ್ರು ಕೂಡಿ ಕಾಂಗರೂ ಆರೈಕಿ ಹಳ್ಳಿ ಮಟ್ಟಕ್ಕ ತಂದಾರ್ರಿ. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಅಷ್ಟ ಹಾಕಿ, ತಾಯಿ ಎದಿ ನಡುವ ಬರೇ ಮೈಗೆ ಬರೇ ಮೈ ಹಚ್ಚಿ, ಕಪ್ಪೆ ಹಂಗ ಕಾಲು ಮಡಚಿ ಕೂಡ್ರಿಸೂದು. ತಲಿ ಒಂದ್ ಕಡೆ ಹೊಳ್ಳಿರಬೇಕು, ಮೂಗು ಮುಚ್ಚಬಾರದು. ಮ್ಯಾಲ ಸೀರಿ ಇಲ್ಲಾ ಪಂಚೆ ಬಿಗಿಯಾಗಿ ಸುತ್ತೂದು. 1978ರಾಗ ಕೊಲಂಬಿಯಾ ದೇಶದ ಬೊಗೋಟಾದಾಗ ಇನ್‌ಕ್ಯುಬೇಟರ್ ಸಾಲದ ಡಾಕ್ಟರ್ರು ಚಾಲೂ ಮಾಡಿದ್ದಂತ್ರಿ ಇದು. ಈಗ ವಿಶ್ವ ಆರೋಗ್ಯ ಸಂಸ್ಥೆಯವ್ರು ದಿನಕ್ಕ 8ರಿಂದ 24 ತಾಸು ಅಂತಾರ.

ಅಕ್ಕಾರ, ನಿಮ್ಮ ಮನ್ಯಾಗ ಕರೆಂಟ್ ಹೋದ್ರೂ ಈ ಹೀಟರ್ ಆರೂದಿಲ್ಲ. ಬಿಸಿನೀರಿನ ಬಾಟ್ಲಿ ಪಕ್ಕಕ್ಕ ಇಡಬ್ಯಾಡ್ರಿ, ಸುಟ್ಟ ಕೂಸು ನೋಡೀನಿ. ಕೂಸಿನ ಹೊಟ್ಟಿ ಬೆಚ್ಚಗ, ಪಾದ ತಣ್ಣಗ ಇದ್ರ ಥಂಡಿ ಶುರು ಆಗೇದ ಅಂತ ತಿಳೀರಿ, ಲಗೂನ ಎದಿಗೆ ಹಚ್ಕೋರಿ. ಎರಡೂ ತಣ್ಣಗಾದ್ರ ಎದಿಗೆ ಹಚ್ಕೊಂಡ ಆಸ್ಪತ್ರಿಗೆ ನಡೀರಿ.

ಡಿಸ್ಚಾರ್ಜ್ ಆದ ದಿನಾನ ನಿಮ್ಮೂರ ಆಶಾಗ ಫೋನ್ ಹಚ್ರಿ. ಹುಟ್ಟಿ 42 ದಿನದತನಕ ಮನಿ ಭೇಟಿ ಇರ್ತದ, ಆಮ್ಯಾಲ 3ನೇ ತಿಂಗಳಿಂದ 15ನೇ ತಿಂಗಳತನಕ ಮೂರು ತಿಂಗಳಿಗೊಮ್ಮೆ. ತಕ್ಕಡಿ ನಮ್ಮ ಚೀಲದಾಗ ಇರ್ತದ.

ವೇದಾವತಿ_ತೀರ

ಕಣ್ಣಿನ ಪರೀಕ್ಷೆ ಬಗ್ಗೆ ಕೇಳ್ದೆ. 'ಓ, ಅದು ಡಿಸ್ಚಾರ್ಜ್ ಆದ್ಮೇಲೆ ಬರೆದುಕೊಡ್ತಿದ್ವಿ' ಅಂದ್ರು. 30ನೇ ದಿನ ಅಂತ ನಾನು ಬಾಯಿಬಿಟ್ಟ ಮೇಲೆ ನಾಡಿದ್ದಿಗೆ ಬರೆದ್ರು. ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ.

ಇನ್ನೊಂದು ಹೇಳಬೇಕು. ಹಾಲು ಕಡಿಮೆ ಆಗ್ತಾ ಇದೆ. ಪಂಪಿನಲ್ಲಿ ಮೊದಲು 40 ಬರ್ತಿತ್ತು, ಈಗ 15. ಮನೆಗೆ ಹೋದ ಮೇಲೆ ಇವಳಿಗೆ ಎಲ್ಲಿಂದ ತರಲಿ?

ಧಾರವಾಡದಾಕಿ

ನಂದೂ ಹಿಂಗ ಆಗಿತ್ತು. ಕೂಸು ಎದಿ ಮ್ಯಾಲ ಇದ್ದಾಗ ಇಲ್ಲಾ ಇಳಿಸಿದ ಕೂಡ್ಲೇ ಹಿಂಡು, ಪಂಪ್ ಬಿಟ್ಟು ಕೈಲೆ ಹಿಂಡಿ ನೋಡು. ರಾತ್ರಿ ಒಂದ್ ಸಲ ತಪ್ಪಿಸಬ್ಯಾಡ, ರಾತ್ರಿ ಹಿಂಡಿದ್ದ ಹಾಲು ತರಸ್ತದ. ದಿನಕ್ಕ ಎಂಟ್ ಸಲ. ಮತ್ತ ತಂಗೀ, ಊಟ ಮಾಡ್ತೀಯಿಲ್ಲೋ? ನಮ್ಮ ಕಡೆ ಬಾಣಂತಿಗೆ ಅಂಟಿನುಂಡಿ, ನಿಮ್ಮ ಕಡೆ ಬರೇ ಮೆಣಸಿನ ಸಾರು ಅನ್ನ ಹಾಕಿ ಒಣಗಸ್ತಾರ.

ರಾತ್ರಿಪಾಳಿ_ಸಿಸ್ಟರ್

ನೀರು ಕುಡೀಬಾರದು ಅಂತ ಬಾಣಂತೀನ ಬಾಯಾರಿಸೋರೂ ಇದಾರೆ. ಬಾಯಾರಿದಷ್ಟೂ ಕುಡೀರಿ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ ಒಳಗೆ 24 ಗಂಟೆ. ಫ್ರಿಜ್ ಬಾಗಿಲಲ್ಲಿ ಬೇಡ, ಒಳಗೆ ಹಿಂದೆ ಇಡಿ. ಕುದಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ.

ಇಂಥ ಮಕ್ಕಳು ಹಸಿವಾದ್ರೂ ಅಳಲ್ಲ, ನಿದ್ದೆ ಮಾಡ್ತಾನೇ ಇರ್ತಾರೆ. 'ಪಾಪ, ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ' ಅಂತ ನೆಂಟರು ಹೊಗಳ್ತಾರೆ. ನೀವು ಅಲಾರಂ ಇಟ್ಟು ಎಬ್ಬಿಸಿ ಕುಡಿಸಿ.

ಇನ್ನು ಔಷಧಿ. ವಿಟಮಿನ್ ಡಿ, ಕಬ್ಬಿಣದ ಹನಿ ಕೊಟ್ಟೇ ಕಳಿಸ್ತಾರೆ. ಕಂಪನಿಯಿಂದ ಕಂಪನಿಗೆ ಎಷ್ಟು ಗಟ್ಟಿ ಅನ್ನೋದು ಬದಲಾಗುತ್ತೆ. ಒಂದರಲ್ಲಿ 1 ಎಂಎಲ್‌ನಲ್ಲಿ ಇರೋದು ಇನ್ನೊಂದರಲ್ಲಿ ಅರ್ಧ ಎಂಎಲ್‌ನಲ್ಲೇ ಇರಬಹುದು. ಊರಿನ ಮೆಡಿಕಲ್ ಸ್ಟೋರಿನವರು 'ಅದಿಲ್ಲ, ಇದೂ ಅದೇ' ಅಂತ ಬೇರೆ ಬಾಟಲಿ ಕೊಟ್ರೆ ಫೋನ್ ಮಾಡಿ ಕೇಳದೆ ಹಾಕಬೇಡಿ. ಬಾಟಲಿ ಮೇಲೆ ಪ್ಲಾಸ್ಟರ್ ಅಂಟಿಸಿ ಎಷ್ಟು ಎಂಎಲ್, ಯಾವ ಹೊತ್ತು ಅಂತ ಕನ್ನಡದಲ್ಲಿ ದಪ್ಪಗೆ ಬರೆದಿಡಿ. ಕಬ್ಬಿಣ ಶುರುವಾದ್ರೆ ಕಕ್ಕ ಕಪ್ಪಗಾಗುತ್ತೆ, ಗಾಬರಿ ಬೇಡ.

ಹೊರಡೋಕೆ ಮುಂಚೆ ಎರಡು ರಾತ್ರಿಯಾದ್ರೂ ನಿಮ್ಮ ಪಕ್ಕದಲ್ಲೇ ಮಗೂನ ಬಿಡೋಕೆ ಹೇಳಿ. ಕುಡಿಸೋದು, ಬಟ್ಟೆ ಬದಲಿಸೋದು, ಹನಿ ಹಾಕೋದು ಎಲ್ಲಾ ನೀವೇ ಮಾಡಿ, ಸಿಸ್ಟರ್ ನೋಡ್ತಾ ಇರಲಿ. ಅಲ್ಲಿ ಆಗೋ ತಪ್ಪು ಅಲ್ಲೇ ತಿದ್ದಿಕೊಳ್ಳಬಹುದು.

ಕುಡ್ಲದ_ಅಮ್ಮ

ನೀವು ಕೆಲಸಕ್ಕೆ ಹೋಗ್ತೀರಾ? ಹೆರಿಗೆ ರಜೆ 26 ವಾರ ಅಂತ ಎಲ್ಲರಿಗೂ ಗೊತ್ತು. ಅವಧಿಗೆ ಮುಂಚೆ ಹೆರಿಗೆಯಾಗಿ ಅದರಿಂದ ತಾಯಿಗೆ ಅನಾರೋಗ್ಯ ಆದ್ರೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆಗೆ ಕಾನೂನಿನಲ್ಲೇ ಅವಕಾಶ ಉಂಟು. ನಮ್ಮ ಆಫೀಸಿನ ಎಚ್‌ಆರ್‌ಗೆ ನಾನೇ ಅದನ್ನು ಓದಿ ಹೇಳಬೇಕಾಯ್ತು. ಡಾಕ್ಟರ ಸರ್ಟಿಫಿಕೇಟ್ ಈಗಲೇ ಬರೆಸಿ ಇಟ್ಟುಕೊಳ್ಳಿ ಮಾರಾಯ್ರೆ, ಆಮೇಲೆ ಓಡಾಡುವುದು ಕಷ್ಟ.

ವೇದಾವತಿ_ತೀರ

ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿದ್ದೆ, ಗರ್ಭಿಣಿ ಅಂತ ಗೊತ್ತಾದ ಮೇಲೆ ಬಿಟ್ಟೆ. ಆದ್ರೂ ಓದೋ ಬೇರೆಯವರಿಗೆ ಆಗುತ್ತೆ.

ಅವಳಿ_ಅಪ್ಪ_ತುಮಕೂರು

ಗಂಡಸರೂ ಎದೆ ಮೇಲೆ ಹಾಕ್ಕೊಬಹುದು, ಯಾರೂ ಹೇಳಲ್ಲ ಅಷ್ಟೇ. ನಾನು ಒಬ್ಬನ್ನ, ಅವಳು ಒಬ್ಬನ್ನ ಕಟ್ಕೊಂಡು ಕೂರ್ತಿದ್ವಿ. ನಮ್ಮಪ್ಪ ಬಾಗಿಲಲ್ಲಿ ನಿಂತು 'ಇದೇನೋ ಇದು' ಅಂತ ಹೊರಟುಹೋದ್ರು. ಎದೆ ಕೂದಲಿಗೆ ಏನೂ ಆಗಲ್ಲ, ಮಗು ಹಿಡ್ಕೊಂಡು ಎಳೆಯುತ್ತೆ, ಕಣ್ಣಲ್ಲಿ ನೀರು ಬರುತ್ತೆ.

ಮೊದಲ ರಾತ್ರಿ ಬಗ್ಗೆ ಒಂದು ಮಾತು. 41 ದಿನ ಬೀಪ್ ಬೀಪ್ ಕೇಳಿದ ಕಿವಿಗೆ ಮನೇಲಿ ಏನೂ ಕೇಳಲ್ಲ. ನಾನು ಮೊಬೈಲ್ ಟಾರ್ಚ್ ಬಟ್ಟೇಲಿ ಮುಚ್ಚಿ ಹಿಡಿದು ಹೊಟ್ಟೆ ಏಳೋದು ಎಣಿಸ್ತಾ ಕೂತೆ. ಒಂದು ಹೊತ್ತಲ್ಲಿ ಉಸಿರು ನಿಂತೇಹೋಯ್ತು. ಕೂಗಿಕೊಂಡೆ. ಅಷ್ಟರಲ್ಲಿ ಮತ್ತೆ ಎಳೆದ್ಕೊಂಡ.

ರಾತ್ರಿಪಾಳಿ_ಸಿಸ್ಟರ್

ಅದು ಎಲ್ಲರಿಗೂ ಆಗುತ್ತೆ ಸರ್. ಬೇಗ ಹುಟ್ಟಿದ ಮಕ್ಕಳು ಐದು, ಹತ್ತು ಸೆಕೆಂಡು ಉಸಿರು ನಿಲ್ಲಿಸಿ, ಆಮೇಲೆ ಗಬಗಬ ಎಳೀತಾರೆ. ಬಣ್ಣ ಬದಲಾಗಿಲ್ಲ ಅಂದ್ರೆ ತೊಂದರೆ ಇಲ್ಲ. 20 ಸೆಕೆಂಡು ದಾಟಿದ್ರೆ, ತುಟಿ ನೀಲಿ ಆದ್ರೆ ಅಂಗಾಲಿಗೆ ಬೆರಳಲ್ಲಿ ಚಿಟಕಿಸಿ, ಬೆನ್ನು ಉಜ್ಜಿ. ಉಸಿರು ಬಂದ್ರೂ ಸರಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಕುಲುಕಾಡಿಸಬೇಡಿ.

ಗೋಡೆ ಮೇಲೆ ಬರೆದು ಅಂಟಿಸಿ: ಎರಡು ಹೊತ್ತಿನ ಹಾಲು ಬಿಟ್ರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದ್ರೆ, ಪಕ್ಕೆ ಒಳಕ್ಕೆ ಎಳೆದುಕೊಂಡ್ರೆ, ಎಬ್ಬಿಸಿದ್ರೂ ಏಳದಿದ್ರೆ, ಮೈ ಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದು ಎದೆಗೆ ಹಾಕ್ಕೊಂಡ್ರೂ ಏರದಿದ್ರೆ, 37.5ಕ್ಕಿಂತ ಹೆಚ್ಚಾದ್ರೆ, ಹೊಟ್ಟೆ ಉಬ್ಬಿದ್ರೆ, ಅಂಗೈ ಅಂಗಾಲು ಹಳದಿಯಾದ್ರೆ ಬೆಳಗಾಗಲಿ ಅಂತ ಕಾಯಬೇಡಿ.

ಮಲಗಿಸೋದು ಬೆನ್ನ ಮೇಲೆ, ಚಪ್ಪಟೆ ಹಾಸಿಗೇಲಿ, ದಿಂಬಿಲ್ಲದೆ. ಸೀರೆ ಜೋಲೀಲಿ ಈಗಲೇ ಬೇಡ, ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚಿಕೊಳ್ಳುತ್ತೆ.

ಮತ್ತೆ ನಿಮ್ಮ ಅತ್ತೆ ಬಗ್ಗೆ ಯೋಚನೆ ಮಾಡ್ದೆ. ಎರೆಯೋದು ಬೇಡ, ಧೂಪ ಬೇಡ, ಬಜೆ ಬೇಡ ಅಂತ ಎಲ್ಲಾ ಕಿತ್ಕೊಂಡ್ರೆ ಅವರು ಕೈ ಕಟ್ಕೊಂಡು ಕೂರ್ತಾರಾ? ಬಾಗಿಲು ಅವರಿಗೆ ವಹಿಸಿ. 'ಅತ್ತೆ, ಕೆಮ್ಮೋರು, ಶೀತ ಆದೋರು, ಕೈ ತೊಳೀದೋರು ಯಾರೂ ಒಳಗೆ ಬರಬಾರದಂತೆ, ನಿಮ್ಮ ಮಾತಾದ್ರೆ ಕೇಳ್ತಾರೆ' ಅನ್ನಿ. ಡಾಕ್ಟ್ರ ಬಾಯಲ್ಲೇ ಅವರ ಎದುರಿಗೆ ಹೇಳಿಸಿ.

ವೇದಾವತಿ_ತೀರ

(ಒಂಬತ್ತು ದಿನ ಬಿಟ್ಟು ಬರೀತಿದೀನಿ)

ಮನೆಗೆ ಬಂದು ಐದು ದಿನ ಆಯ್ತು. 1630 ಗ್ರಾಂಗೆ ಕಳಿಸಿದ್ರು. ಕಾರಿನ ಹಿಂದಿನ ಸೀಟಲ್ಲಿ ಎದೆಗೆ ಕಟ್ಕೊಂಡೇ ಬಂದೆ, ಆರತಿ ಮಾಡೋವಾಗಲೂ ಬಿಚ್ಚಲಿಲ್ಲ, ನನ್ನ ಕೊರಳಿಗೇ ಎತ್ತಿದ್ರು. ಕಣ್ಣಿನಲ್ಲಿ ಆರ್‌ಒಪಿ ಇದೆಯಂತೆ, ಎರಡನೇ ಹಂತ. ಈಗಲೇ ಲೇಸರ್ ಬೇಡ, ವಾರಕ್ಕೊಂದು ಸಲ ನೋಡಲೇಬೇಕು ಅಂದ್ರು. ಆ ದಿನ ಕೂತು ಅತ್ತುಬಿಟ್ಟೆ. ನೀವು ಕೇಳದೇ ಇದ್ದಿದ್ರೆ ಈಗ ಏನಾಗ್ತಿತ್ತೋ.

ಬಾಗಿಲ ಕಥೆ ಕೇಳಿ. ನನ್ನ ನಾದಿನಿ ಗಂಡ ಶೀತ ಇಟ್ಕೊಂಡು ದಾವಣಗೆರೆಯಿಂದ ಬಂದ್ರು. ಅತ್ತೆ ಜಗುಲಿ ಮೇಲೇ ಕಾಫಿ ಕೊಟ್ಟು, ಕಿಟಕಿಯಿಂದ ತೋರಿಸಿ ಕಳಿಸಿದ್ರು. ಅಳಿಯ ಅಂತಾನೂ ನೋಡಲಿಲ್ಲ! ನೀರು ಎರೆಯೋ ಅಜ್ಜಿ ನನಗೆ ಮಾತ್ರ ಎರೀತಾರೆ. ಸಾಂಬ್ರಾಣಿ ಮಾತ್ರ ಒಂದು ದಿನ ಹಿತ್ತಲಲ್ಲಿ ಹಚ್ಚಿದ್ರು, ಹೊಗೆ ಒಳಗೆ ಬಂತು, ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟಿದ್ವಿ.

ರಾತ್ರಿ ಎರಡು ಗಂಟೆಗೆ ಇವರು ಎದೆಗೆ ಹಾಕ್ಕೊಂಡು ಕೂರ್ತಾರೆ. ನಾನು ಹಿಂಡಿ ಮಲಗ್ತೀನಿ. ಹಾಲು 30 ಆಗಿದೆ.

ಧಾರವಾಡದಾಕಿ

ಎರಡ್ ದಿನಾ ಮಾತು ಬಿಟ್ಟದ್ದು ಏನೂ ಅಲ್ಲ. ನಮ್ಮತ್ತಿ ನಾನು ಒಂದ್ ತಿಂಗಳ ಬಿಟ್ಟಿದ್ವಿ. ವಾರದ ಕಣ್ಣಿನ ತಪಾಸಣಿ ತಪ್ಪಿಸಬ್ಯಾಡ, ಹಬ್ಬ ಇರಲಿ ಜಾತ್ರಿ ಇರಲಿ.

ರಾತ್ರಿಪಾಳಿ_ಸಿಸ್ಟರ್

ಲಸಿಕೆ ಮರೀಬೇಡಿ. ಅದಕ್ಕೆ ಹುಟ್ಟಿದ ದಿನದಿಂದಲೇ ಲೆಕ್ಕ, ತಾಯಿ ಕಾರ್ಡ್ ತಗೊಂಡು ಹೋಗಿ. ಕತ್ತು ನಿಲ್ಲೋದು, ಮಗುಚೋದು, ಕೂರೋದಕ್ಕೆ ಮಾತ್ರ ಹತ್ತು ವಾರ ಕಳೆದು ಲೆಕ್ಕ ಹಾಕಿ, ಎರಡು ವರ್ಷದವರೆಗೂ. ನಾಲ್ಕು ತಿಂಗಳಾದಾಗ 'ಇನ್ನೂ ಕತ್ತು ನಿಂತಿಲ್ವಾ' ಅನ್ನೋರು ಬಂದೇ ಬರ್ತಾರೆ. ನಿಮ್ಮ ಲೆಕ್ಕದಲ್ಲಿ ಆಗ ಅವಳಿಗೆ ಒಂದೂವರೆ ತಿಂಗಳು ಚಿಲ್ಲರೆ. ಕಿವಿ ಪರೀಕ್ಷೆ ಮೂರು ತಿಂಗಳೊಳಗೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಡಿಇಐಸಿ ವಿಭಾಗದಲ್ಲಿ (ಮಕ್ಕಳ ಬೆಳವಣಿಗೆ ತೊಂದರೆ ಬೇಗ ಪತ್ತೆಹಚ್ಚೋ ಕೇಂದ್ರ) ಕೇಳಿ, ದುಡ್ಡಿಲ್ಲ.

ವೇದಾವತಿ_ತೀರ

(ಏಳು ವಾರದ ಮೇಲೆ)

ಮೊನ್ನೆ ಗುರುವಾರ ಆರನೇ ಸಲದ ಕಣ್ಣಿನ ಪರೀಕ್ಷೆ ಆಯ್ತು. ರಕ್ತನಾಳ ಅಂಚಿನವರೆಗೂ ಬೆಳೆದಿದೆ, ಲೇಸರ್ ಬೇಡ, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು. 3 ಕೆಜಿ 100 ಗ್ರಾಂ, ಆಶಾ ಅಕ್ಕನ ತಕ್ಕಡೀಲಿ.

ಇವತ್ತು ಮೊದಲ ಸಲ ತಲೆಗೆ ನೀರು ಎರೆದ್ರು. ಬಾಗಿಲು ಕಿಟಕಿ ಎಲ್ಲಾ ಹಾಕಿ, ಅತ್ತೆ ಕಾಲು ಚಾಚಿ ಕೂತು ತಾವೇ ಎರೆದ್ರು, ಎರೆಯೋ ಅಜ್ಜಿಗೆ ನೀರು ಬೆರೆಸಿಕೊಡೋ ಕೆಲಸ. ಮಗಳು ಊರೆಲ್ಲಾ ಕೇಳೋ ಹಾಗೆ ಅತ್ಲು. ಅಷ್ಟು ದೊಡ್ಡ ದನಿ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಮೂರು_ಮೊಮ್ಮಕ್ಕಳ_ಅಜ್ಜಿ

ಹೆಸರೇನಿಟ್ರಿ?

ವೇದಾವತಿ_ತೀರ

ಇನ್ನೂ ಇಟ್ಟಿಲ್ಲ ಅಜ್ಜಿ. ಶ್ರಾವಣಕ್ಕೆ. ಅಲ್ಲೀವರೆಗೂ ಆಸ್ಪತ್ರೆ ಚೀಟೀಲಿ ಬರೆದಿರೋ ಹಾಗೆ 'ಬೇಬಿ ಆಫ್' ಅಂತಾನೇ ಮಾವ ಕೂಗ್ತಾರೆ. ಅವಳೂ ತಿರುಗಿ ನೋಡ್ತಾಳೆ.